ದುಡಿದವಳ ಹೆಸರು ಎಲ್ಲಿ ಬರೆದಿದೆ?



ಬೀಜ, ಗೊಬ್ಬರ, ನೀರು, ಕಬ್ಬಿಗೆ ಗೊಣ್ಣೆಹುಳದ ಕಾಟ, ಇವುಗಳ ಮಾತನ್ನು ನೀವು ಮೇಲಿಂದ ಮೇಲೆ ಕೇಳುತ್ತಿರುವಿರಿ. ಈ ಸಲದ ಮಾತು ಬೇರೆ. ಒಕ್ಕಲುತನದ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ದುಡಿಯುತ್ತಾರೆ, ಆ ದುಡಿಮೆಯ ಹಣ ಯಾವ ದಾರಿ ಹಿಡಿದು ಯಾರ ಕೈಗೆ ಸೇರುತ್ತದೆ, ಅದರಲ್ಲಿ ಅವರ ಪಾಲು ಅವರಿಗೆ ದೊರೆಯಬೇಕಾದರೆ ಏನು ಮಾಡಬೇಕು ಎಂಬದನ್ನು ವಿಚಾರ ಮಾಡೋಣ. ರಾಯಬಾಗ ತಾಲೂಕಿನ ಅಲಖನೂರವನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುವೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆಯವರಿಗೂ ಈ ಮಾತು ಅಷ್ಟೇ ಒಪ್ಪುವದು. ಇದು ಉಪದೇಶವಲ್ಲ, ಒಕ್ಕಲುತನದ ಹಿಶೇಬು ಎಂದು ತಿಳಿದು ಓದಿರಿ.

ದಿನದ ದುಡಿಮೆ

ಮೊದಲು ಒಂದು ದಿನದ ಕೆಲಸವನ್ನು ಎಣಿಸಿರಿ. ಹೊತ್ತು ಮೂಡುವ ಮೊದಲೇ ಎದ್ದು ಸಗಣಿ ಬಳಿಯಬೇಕು, ಎಮ್ಮೆ ಹಿಂಡಬೇಕು, ಒಲೆ ಹೊತ್ತಿಸಿ ರೊಟ್ಟಿ ಬಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯಬೇಕು. ಕಬ್ಬು ಹಚ್ಚುವಾಗ ಸಾಲಿನಲ್ಲಿ ತುಂಡು ಇಡುವವಳು ಅವಳು. ಕುರ್ಚಿಗೆ ಹಿಡಿದು ಬಗ್ಗಿ ಕಸ ತೆಗೆಯುವವಳು ಅವಳು. ಅರಿಷಿಣದ ಗಡ್ಡೆ ಹಚ್ಚುವದು, ಅಗೆದ ಮೇಲೆ ಮಣ್ಣು ಬಿಡಿಸಿ ಆರಿಸುವದು, ಕುದಿಸಿದ್ದನ್ನು ಹರಡಿ ಒಣಗಿಸುವದು, ಗೋವಿನಜೋಳದ ತೆನೆ ಮುರಿಯುವದು, ಇವೆಲ್ಲ ಬಹುತೇಕ ಹೆಣ್ಣುಮಕ್ಕಳ ಕೈಯ ಕೆಲಸಗಳೇ. ಸಂಜೆಗೆ ಮೇವಿನ ಹೊರೆ ಹೊತ್ತು ಮನೆಗೆ ಬಂದರೆ ಮತ್ತೆ ಎಮ್ಮೆ, ಮತ್ತೆ ಒಲೆ.

ಈಗ ಅದೇ ದುಡಿಮೆಯ ಕಾಗದಗಳನ್ನು ಎಣಿಸಿರಿ. ಕಬ್ಬು ಕಾರಖಾನೆಗೆ ಹೋಯಿತು, ಬಿಲ್ಲು ಗಂಡನ ಖಾತೆಗೆ ಬಂತು. ಅರಿಷಿಣ ಸಾಂಗ್ಲಿಯ ಪೇಟೆಗೆ ಹೋಯಿತು, ಅಡತಿಯ ಪಟ್ಟಿ ಮಾವನ ಹೆಸರಿಗೆ ಆಯಿತು. ಹಾಲು ಡೈರಿಗೆ ಹೋಯಿತು, ಪುಸ್ತಕ ಮಗನ ಹೆಸರಿನಲ್ಲಿ ಇದೆ. ಹೊಲದ ಉತಾರ ತೆಗೆದು ನೋಡಿದರೆ ಅಲ್ಲಿಯೂ ಅವಳ ಹೆಸರಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಆದರೆ ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಆದರೆ ಆ ಗಾದೆ ಹೇಗೆ ನಿಲ್ಲಬೇಕು?

ಇದು ಒಂದು ಊರಿನ ಸಂಗತಿಯಲ್ಲ. 2015-16ರ ಕೃಷಿ ಗಣತಿಯಂತೆ ಇಡೀ ದೇಶದಲ್ಲಿ ಸಾಗುವಳಿ ಹಿಡುವಳಿದಾರರ ಪೈಕಿ ಹೆಣ್ಣುಮಕ್ಕಳು ನೂರಕ್ಕೆ ಸುಮಾರು 14 ಮಾತ್ರ. ಅವರ ಕೈಯಲ್ಲಿರುವ ಭೂಮಿ ನೂರಕ್ಕೆ 12 ಪಾಲಿನಷ್ಟೂ ಇಲ್ಲ. ಹೊಲದಲ್ಲಿ ಕಾಣುವ ಹೆಣ್ಣುಮಕ್ಕಳ ಸಂಖ್ಯೆಗೂ ಕಾಗದದಲ್ಲಿ ಕಾಣುವ ಸಂಖ್ಯೆಗೂ ಎಷ್ಟು ಅಂತರ ನೋಡಿರಿ.

ಹೆಸರಿಲ್ಲದಿದ್ದರೆ ಕೆಡುವದೇನು?

"ಹೆಸರು ಯಾರದಿದ್ದರೇನ್ರೀ, ಉಣ್ಣೋದು ಎಲ್ಲಾರೂ ಕೂಡೇ ಅಲ್ಲೇನು?" ಎಂದು ಯಾರಾದರೂ ಕೇಳಬಹುದು. ಮನೆಯಲ್ಲಿ ಎಲ್ಲವೂ ಸರಿಯಿದ್ದಾಗ ಈ ಮಾತು ಸರಿ. ಕಷ್ಟ ಬಂದಾಗ ಮಾತ್ರ ಸರಕಾರ, ಬ್ಯಾಂಕು, ಸೊಸೈಟಿ, ಇವು ಯಾವುವೂ ಮುಖ ನೋಡುವದಿಲ್ಲ, ಹೆಸರು ನೋಡುತ್ತವೆ.

2019ರ ಆಗಸ್ಟಿನಲ್ಲಿ ಕೃಷ್ಣಾ ಹೊಳೆ ಏರಿ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಎಷ್ಟೋ ಹೊಲಗಳು ನೀರಿನೊಳಗೆ ನಿಂತದ್ದು ನಿಮಗೆ ನೆನಪಿರುವದು. ಇಂಥ ಬೆಳೆಹಾನಿಯಲ್ಲಿ ಪರಿಹಾರ ಹೋಗುವದು ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಹೊಲ ಹಿಡಿದು ದುಡಿಯುತ್ತಿರುವವಳು ಗಂಡನನ್ನು ಕಳೆದುಕೊಂಡ ತಾಯಿ, ಉತಾರದಲ್ಲಿ ಇನ್ನೂ ತೀರಿಹೋದ ಗಂಡನ ಹೆಸರೋ ಮಾವನ ಹೆಸರೋ ಇದೆ ಎಂದು ತಿಳಿಯಿರಿ. ಬೆಳೆ ಹೋದದ್ದು ಅವಳದು, ಪರಿಹಾರಕ್ಕೆ ಹೆಸರು ತೀರಿದವರದು. ಅವಳು ಕಚೇರಿಯಿಂದ ಕಚೇರಿಗೆ ತಿರುಗಬೇಕು.

ಬೆಳೆಸಾಲದ ಸಂಗತಿಯೂ ಹೀಗೆಯೇ. ರಾಜ್ಯದ ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದೆ ಕೊಡುವ ಬೆಳೆಸಾಲದ ಮಿತಿಯನ್ನು 2023-24ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಒಳ್ಳೆಯ ಸವಲತ್ತು. ಆದರೆ ಅದನ್ನು ಪಡೆಯಲು ಸಂಘದ ಸದಸ್ಯತ್ವ ಬೇಕು, ಉತಾರ ಬೇಕು. ಇವೆರಡೂ ಇಲ್ಲದವಳು ಅದೇ ಬೀಜ ಗೊಬ್ಬರಕ್ಕಾಗಿ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಕೈಗಡ ಮಾಡಬೇಕಾಗುವದು.

ಇಲ್ಲಿ ಇನ್ನೊಂದು ವಿಚಿತ್ರ ನೋಡಿರಿ. ಎಲ್ಲ ಕಾಗದಗಳಲ್ಲಿ ಮರೆತುಹೋಗುವ ಹೆಣ್ಣುಮಗಳ ಹೆಸರು ಒಂದು ಕಾಗದದಲ್ಲಿ ಮಾತ್ರ ತಪ್ಪದೆ ಬೀಳುತ್ತದೆ. ಅದು ಸಾಲದ ಕಾಗದ. ಖಾಸಗಿ ಕಿರುಸಾಲದ ಕಂಪನಿಗಳು ಹೆಣ್ಣುಮಕ್ಕಳನ್ನು ಗುಂಪು ಮಾಡಿ ಅವರ ಹೆಸರಿಗೇ ಸಾಲ ಕೊಡುತ್ತವೆ. ಹಣ ಗಂಡನ ಮೋಟಾರ್ ಸೈಕಲಿಗೋ ಹಳೆಯ ಸಾಲಕ್ಕೋ ಹೋಗುವದು, ವಾರದ ಕಂತಿಗೆ ಬಾಗಿಲಲ್ಲಿ ನಿಲ್ಲುವವರಿಗೆ ಉತ್ತರ ಹೇಳುವವಳು ಮಾತ್ರ ಅವಳು. ಈ ವಸೂಲಿಯ ಕಾಟ ನಮ್ಮ ಜಿಲ್ಲೆಯಲ್ಲಿಯೂ ಹೆಚ್ಚಾಗಿ, ಕೊನೆಗೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತರಬೇಕಾಯಿತು. ಸಾಲಕ್ಕೆ ಅವಳ ಹೆಸರು ಸಲ್ಲುವದಾದರೆ ಆಸ್ತಿಗೆ ಏಕೆ ಸಲ್ಲಬಾರದು? ಈ ಪ್ರಶ್ನೆಯನ್ನು ಪ್ರತಿ ಮನೆಯಲ್ಲಿಯೂ ಕೇಳಿಕೊಳ್ಳಬೇಕು.

ಆದಕಾರಣ ನಾನು ಹೇಳುವದು ಇಷ್ಟೇ. ಹೆಣ್ಣುಮಗಳ ಹೆಸರು ನಾಲ್ಕು ಕಡೆ ಇರಬೇಕು: ಹಾಲಿನ ಪುಸ್ತಕದಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ಸಂಘದ ವಹಿಯಲ್ಲಿ, ಹೊಲದ ಉತಾರದಲ್ಲಿ. ಸುಲಭದಿಂದ ಕಠಿಣಕ್ಕೆ ಹೋಗುವ ಕ್ರಮದಲ್ಲಿಯೇ ಇವನ್ನು ಇಟ್ಟಿದ್ದೇನೆ. ಒಂದೊಂದನ್ನೇ ನೋಡೋಣ.

ಒಂದು: ಹಾಲಿನ ಪುಸ್ತಕ

ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುವ ಹಣ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಬರೆದಿದ್ದರೂ ಅದಕ್ಕಾಗಿ ರೈತರು ಕಾಯುವ ದಿನಗಳು ನಿಮಗೆ ಗೊತ್ತು. ಬಂದ ಹಣ ಸೊಸೈಟಿಯ ಸಾಲಕ್ಕೆ, ಗೊಬ್ಬರದ ಅಂಗಡಿಯ ಬಾಕಿಗೆ ಮೊದಲು ಹೋಗುವದು. ಹಾಲಿನ ಹಣ ಹಾಗಲ್ಲ. ವಾರಕ್ಕೋ ಹತ್ತು ದಿನಕ್ಕೋ ಬರುವದು. ಎಣ್ಣೆ, ಸಕ್ಕರೆ, ಔಷಧ, ಮಕ್ಕಳ ಪುಸ್ತಕ, ಇವು ನಡೆಯುವದು ಈ ಹಣದಿಂದಲೇ. ಆದಕಾರಣ ಮನೆ ನಡೆಸುವವಳ ಕೈಗೆ ನೇರವಾಗಿ ಸೇರಬೇಕಾದ ಹಣ ಯಾವುದಾದರೂ ಇದ್ದರೆ ಅದು ಹೈನದ ಹಣ.

ಒಂದು ಲೆಕ್ಕ ಹಾಕಿ ನೋಡಿರಿ. ಒಂದು ಎಮ್ಮೆ ದಿನಕ್ಕೆ 5 ಲೀಟರು ಕೊಡುವದೆಂದು ಹಿಡಿಯಿರಿ. ಮನೆಗೆ 1 ಲೀಟರು ಇಟ್ಟುಕೊಂಡರೆ ಡೈರಿಗೆ 4. ಲೀಟರಿಗೆ 50 ರೂಪಾಯಿಯಂತೆ 200 ರೂಪಾಯಿ. ಕೊಂಡು ತಂದ ಹಿಂಡಿ, ಪಶು ಆಹಾರಕ್ಕೆ 80 ಕಳೆದರೆ ದಿನಕ್ಕೆ 120 ಉಳಿಯುವದು. ಹಾಲು ಕೊಡುವ 300 ದಿನಗಳಿಗೆ 36,000 ರೂಪಾಯಿ. ಇದರಲ್ಲಿ ಹಾಲು ಬತ್ತಿದ ದಿನಗಳ ಮೇವು, ಡಾಕ್ಟರರ ಖರ್ಚು ಕಳೆಯಬೇಕು. ಇವು ಲೆಕ್ಕದ ರೀತಿ ತಿಳಿಯಲೆಂದು ಹಿಡಿದ ಅಂಕಿಗಳು. ನಿಮ್ಮ ಡೈರಿಯ ದರ, ನಿಮ್ಮ ಎಮ್ಮೆಯ ಹಾಲು ಹಿಡಿದು ನೀವೇ ಹಾಕಿ ನೋಡಿರಿ. ಎಮ್ಮೆ ಕಟ್ಟಿದ್ದರಿಂದ ಲಾಭವೋ ಹಾನಿಯೋ ಆಗ ತಿಳಿಯುವದು.

ಡೈರಿಯಲ್ಲಿ ಹಾಲಿನ ದರ ನಿಲ್ಲುವದು ಅದರ ಜಿಡ್ಡಿನ ಮೇಲೆ ಮತ್ತು ಜಿಡ್ಡನ್ನು ಬಿಟ್ಟು ಉಳಿದ ಘನಾಂಶದ ಮೇಲೆ. ನಾವು ಫ್ಯಾಟು, ಎಸ್‌ಎನ್‌ಎಫ್ ಎಂದು ಕರೆಯುವ ಎರಡು ಅಂಕಿಗಳು ಅವೇ. ಹಾಲು ಹಾಕುವ ಹೆಣ್ಣುಮಗಳು ಈ ಎರಡು ಅಂಕಿಗಳನ್ನು ಓದಲು ಕಲಿಯಬೇಕು. ಚೀಟಿಯನ್ನು ಮಡಚಿ ಸೆರಗಿಗೆ ಕಟ್ಟಿ ಮನೆಗೆ ತಂದು ಕೊಟ್ಟರೆ ಸಾಲದು. ಫ್ಯಾಟು ಒಮ್ಮೆಲೇ ಇಳಿದರೆ ಮೇವಿನಲ್ಲಿ ಏನು ಬದಲಾಯಿತು ಎಂದು ವಿಚಾರಿಸಬೇಕಾದವಳು ಅವಳೇ. ಕೊನೆಯ ಹಿಂಡಿನ ಹಾಲಿನಲ್ಲಿ ಜಿಡ್ಡು ಹೆಚ್ಚು, ಅದನ್ನು ಕೆಚ್ಚಲಲ್ಲಿ ಬಿಡಬಾರದು. ಹಸಿಮೇವಿನ ಸಂಗಡ ಕಣಕಿಯಂಥ ಒಣಮೇವೂ ಇರಬೇಕು.

ಸಹಕಾರಿ ಹಾಲು ಸಂಘದಲ್ಲಿ ಹೆಸರಿನ ಬೆಲೆ ಇನ್ನೂ ಹೆಚ್ಚು. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಸರಕಾರದ ಪ್ರೋತ್ಸಾಹಧನ, ವರ್ಷದ ಬೋನಸ್ಸು, ಸಭೆಯಲ್ಲಿ ಮತ, ಇವೆಲ್ಲ ಸದಸ್ಯರ ಹೆಸರಿಗೆ ಸೇರಿದವು. ಬರೀ ಹೆಣ್ಣುಮಕ್ಕಳೇ ಸದಸ್ಯರಾಗಿ, ಅವರೇ ಅಧ್ಯಕ್ಷರು, ಅವರೇ ಕಾರ್ಯದರ್ಶಿಗಳಾಗಿ ನಡೆಸುವ ಹಾಲು ಸಂಘಗಳೂ ನಮ್ಮ ರಾಜ್ಯದಲ್ಲಿ ಬಹಳ ಇವೆ. ಅವುಗಳಿಗೆ 1986-87ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ತರಬೇತಿ ಯೋಜನೆಯ ನೆರವು ದೊರೆತಿತ್ತು.

ಎಮ್ಮೆ ಆಕಳ ಕಿವಿಗೆ ಹಾಕುವ 12 ಅಂಕಿಯ ಹಳದಿ ಬಿಲ್ಲೆಯನ್ನೂ ಮರೆಯಬೇಡಿರಿ. ಬಿಲ್ಲೆ ಹಾಕುವಾಗ ಒಡೆಯರ ಹೆಸರು ಬರೆದುಕೊಳ್ಳುವರು. 2022ರಲ್ಲಿ ಚರ್ಮಗಂಟು ರೋಗದಿಂದ ದನಗಳು ಸತ್ತಾಗ ಪರಿಹಾರ ಹೋದದ್ದು ಒಡೆಯರೆಂದು ಬರೆಸಿದವರಿಗೇ. ತವರಿನಿಂದ ಬಂದ ಆಕಳಾಗಲಿ, ಸಂಘದ ಸಾಲದಿಂದ ಕೊಂಡ ಎಮ್ಮೆಯಾಗಲಿ, ಬಿಲ್ಲೆ ಹಾಕಿಸುವಾಗ ಅದನ್ನು ಸಾಕುವವಳ ಹೆಸರನ್ನೇ ಹೇಳಿರಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಎರಡು: ಬ್ಯಾಂಕಿನ ಪುಸ್ತಕ

2014ರ ಜನಧನ ಯೋಜನೆಯಿಂದ, ಅದರ ಬಳಿಕ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಈಗ ಬಹುತೇಕ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ಖಾತೆಗಳಿವೆ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಜಮಾನಿಯ ಖಾತೆಗೇ ಎಂದು ಗೊತ್ತುಮಾಡಿದ್ದು ದೊಡ್ಡ ಸಂಗತಿ. ಆದರೆ ಖಾತೆ ಇರುವದು ಬೇರೆ, ಖಾತೆ ನಡೆಸುವದು ಬೇರೆ. ಪುಸ್ತಕ ಗಂಡನ ಪೆಟ್ಟಿಗೆಯಲ್ಲಿ, ಕಾರ್ಡು ಮಗನ ಕಿಸೆಯಲ್ಲಿ, ಗುಪ್ತ ಅಂಕಿ ಇಡೀ ಓಣಿಗೇ ಗೊತ್ತು ಎಂಬಂತಿದ್ದರೆ ಆ ಖಾತೆಯಿಂದ ಏನು ಫಲ?

ಇಲ್ಲಿ ಮೂರು ಮಾತು ನೆನಪಿಡಿರಿ. ತಿಂಗಳಿಗೊಮ್ಮೆ ತಾವೇ ಬ್ಯಾಂಕಿಗೆ ಹೋಗಿ ಪುಸ್ತಕದಲ್ಲಿ ಬರೆಸಿಕೊಂಡು ಬನ್ನಿರಿ. ಹೆಬ್ಬೆರಳು ಒತ್ತಿ ಹಣ ತೆಗೆಯುವ ಕಡೆ ಎಷ್ಟು ತೆಗೆದರೆಂದು ಚೀಟಿ ಕೇಳಿ ಪಡೆಯಿರಿ. ಹಾಲಿನ ಬಿಲ್ಲು, ಕೂಲಿಯ ಪಗಾರ, ಕೋಳಿ ಕುರಿ ಮಾರಿದ ಹಣ, ಇವನ್ನು ಇದೇ ಖಾತೆಗೆ ಹಾಕಿರಿ. ಎರಡು ಮೂರು ವರ್ಷ ಹೀಗೆ ಹಣ ಬಂದು ಹೋದದ್ದು ಪುಸ್ತಕದಲ್ಲಿ ಕಂಡರೆ, ನಾಳೆ ಸಾಲ ಕೇಳಲು ಹೋದಾಗ ಆ ಪುಸ್ತಕವೇ ನಿಮ್ಮ ಪರವಾಗಿ ಮಾತಾಡುವದು.

ಮೂರು: ಸಂಘದ ವಹಿ

ಸ್ವಸಹಾಯ ಸಂಘಗಳು ನಮ್ಮ ಕಡೆ ಹೊಸವಲ್ಲ. ಇವುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಪ್ರಯೋಗವೆಂದು ಆರಂಭಿಸಿತು. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000ದಲ್ಲಿ ಬಂತು. ಅದರ ಬಳಿಕ ಸಂಜೀವಿನಿಯ ಒಕ್ಕೂಟಗಳು ಬಂದವು. ಸಂಘ ಚೆನ್ನಾಗಿ ನಡೆಯಲು ಐದು ನೇಮಗಳು: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗೇ ಸಾಲ ಕೊಡುವದು, ಹೇಳಿದ ಹೊತ್ತಿಗೆ ಮರುಪಾವತಿ, ಚೊಕ್ಕ ಲೆಕ್ಕ. ಸಂಘ ಮುರಿದುಬಿದ್ದ ಕಡೆ ಹೋಗಿ ವಿಚಾರಿಸಿದರೆ ಬಹಳ ಸಲ ಐದನೆಯ ನೇಮ ಮೊದಲು ಮುರಿದಿರುವದು ಕಂಡುಬರುವದು.

ಹನಿ ಹನಿ ಕೂಡಿದರೆ ಹಳ್ಳ ಎಂಬದು ಇಲ್ಲಿ ಬರೀ ಗಾದೆಯಲ್ಲ. 15 ಜನ ವಾರಕ್ಕೆ 100 ರೂಪಾಯಿಯಂತೆ ಹಾಕಿದರೆ ವಾರಕ್ಕೆ 1,500, ವರ್ಷದ 52 ವಾರಕ್ಕೆ 78,000 ರೂಪಾಯಿ. ಇದರಲ್ಲಿ ಒಬ್ಬಳು 10,000 ರೂಪಾಯಿ ಸಾಲವನ್ನು ತಿಂಗಳಿಗೆ ನೂರಕ್ಕೆ ಎರಡರಂತೆ ತೆಗೆದರೆ ತಿಂಗಳ ಬಡ್ಡಿ 200. ಅದೇ ಹಣವನ್ನು ಹೊರಗೆ ನೂರಕ್ಕೆ ಐದರಂತೆ ತಂದರೆ 500. ಒಂದು ವರ್ಷ ಅಸಲು ಹಾಗೆಯೇ ನಿಂತರೆ 2,400 ಎಲ್ಲಿ, 6,000 ಎಲ್ಲಿ! ಅದರ ಮೇಲೆ ಸಂಘದ 2,400 ತಮ್ಮ ಸಂಘದ ಗಂಟಿಗೇ ತಿರುಗಿ ಬಂತು, ಹೊರಗಿನ 6,000 ಊರು ಬಿಟ್ಟು ಹೋಯಿತು.

ಸಾಲ ಪಡೆದು ಏನು ಮಾಡಬೇಕು? ಮದುವೆ ಮುಂಜಿವೆಗಳಿಗೆ ತೆಗೆದ ಸಾಲ ತಾನಾಗಿ ತೀರುವದಿಲ್ಲ, ಗಳಿಕೆಗೆ ತೆಗೆದ ಸಾಲ ತನ್ನನ್ನು ತಾನೇ ತೀರಿಸಿಕೊಳ್ಳುವದು. ಕಬ್ಬಿನ ಸೀಮೆಯ ಸಂಘಗಳಿಗೆ ಒಪ್ಪುವ ಒಂದು ಉದ್ಯೋಗ ಹೇಳುವೆ. ಈಗ ಅನೇಕ ರೈತರು ತುಂಡು ಹಚ್ಚುವ ಬದಲು ಸಸಿ ಹಚ್ಚುತ್ತಿದ್ದಾರೆ. ರೋಗವಿಲ್ಲದ 8-9 ತಿಂಗಳ ಬೀಜದ ಕಬ್ಬನ್ನು ಒಂಟಿ ಕಣ್ಣಿನಂತೆ ಕತ್ತರಿಸಿ, ಬೀಜೋಪಚಾರ ಮಾಡಿ, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೆಳೆಸಿದರೆ ಸುಮಾರು ಒಂದು ತಿಂಗಳಿಗೆ ಸಸಿ ಸಿದ್ಧ. ಸಾಲಿನಿಂದ ಸಾಲಿಗೆ 5 ಅಡಿ, ಸಸಿಯಿಂದ ಸಸಿಗೆ 2 ಅಡಿಯಂತೆ ಎಕರೆಗೆ ಸುಮಾರು 4,350 ಸಸಿ ಬೇಕು. ನೆರಳು, ನೀರು, ನಾಲ್ಕೈದು ಜನರ ಕೈ, ಇಷ್ಟಿದ್ದರೆ ಮನೆಯ ಹತ್ತಿರವೇ ನಡೆಯುವ ಕೆಲಸ. ಆದರೆ ಗಿರಾಕಿಯನ್ನು ಮೊದಲೇ ಗೊತ್ತುಮಾಡಿಕೊಂಡು ತಟ್ಟೆ ತುಂಬಿರಿ, ವಯಸ್ಸು ಮೀರಿದ ಸಸಿಯನ್ನು ಯಾರೂ ಕೊಳ್ಳುವದಿಲ್ಲ. ಕೋಳಿಯ ಮೇಲೆ ಮನಸ್ಸಿದ್ದವರಿಗೆ ಹಿತ್ತಿಲಲ್ಲಿ ಮೇಯ್ದು ಬೆಳೆಯುವ ಗಿರಿರಾಜ ತಳಿ ಇದೆ, ಅದು ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧವಾದದ್ದು. ಇಂಥ ಕೆಲಸಗಳ ತರಬೇತಿಗೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು, ಇಲ್ಲವೇ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿರಿ.

ಸ್ವಸಹಾಯ ಸಂಘದ ಸಂಗಡ ಊರಿನ ಕೃಷಿ ಪತ್ತಿನ ಸಹಕಾರಿ ಸಂಘಕ್ಕೂ ಸದಸ್ಯರಾಗಿರಿ. ಅದರ ಆಡಳಿತ ಮಂಡಳಿಯಲ್ಲಿ ಹೆಣ್ಣುಮಕ್ಕಳಿಗೆಂದು ಸ್ಥಾನ ಕಾದಿರಿಸಿದೆ. ಆ ಕುರ್ಚಿಯಲ್ಲಿ ಕುಳಿತು ಮಾತಾಡುವವಳು ಬೇಕು, ಗಂಡ ಬರೆದು ಕೊಟ್ಟ ಕಾಗದಕ್ಕೆ ಸಹಿ ಹಾಕಿ ಬರುವವಳಲ್ಲ.

ನಾಲ್ಕು: ಹೊಲದ ಉತಾರ

ಇದು ಎಲ್ಲಕ್ಕಿಂತ ಕಠಿಣ, ಎಲ್ಲಕ್ಕಿಂತ ಮುಖ್ಯ. ಕಾಯ್ದೆ ಏನು ಹೇಳುವದು ಎಂಬದನ್ನು ಮೊದಲು ತಿಳಿಯೋಣ.

1956ರ ಹಿಂದೂ ವಾರಸಾ ಕಾಯ್ದೆಯಂತೆ ತಂದೆ ಸ್ವಂತ ಗಳಿಸಿದ ಆಸ್ತಿಯನ್ನು ಮೃತ್ಯುಪತ್ರ ಮಾಡದೆ ಬಿಟ್ಟು ತೀರಿದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವನ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ತಂದೆಯ ಗಳಿಕೆ 8 ಎಕರೆ, ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಎಂದರೆ ತಲೆಗೆ 2 ಎಕರೆ. ಹೆಣ್ಣುಮಗಳಿಗೆ ಹೀಗೆ ಬಂದ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದೂ ಅದೇ ಕಾಯ್ದೆ ಹೇಳಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು ಆಗ ಇರಲಿಲ್ಲ. ನಮ್ಮ ಕರ್ನಾಟಕ 1994ರ ಜುಲೈ 30ರಿಂದ ಅದನ್ನು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಬಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ ಮಗಳ ಹಕ್ಕು ಹೋಗುವದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಹುಕುಮಿನಿಂದಲೋ ಆಗಿಹೋದ ವಾಟಣಿಗಳಿಗೆ ಮಾತ್ರ ಇದು ತಾಗುವದಿಲ್ಲ.

"ನಾವು ಲಿಂಗಾಯತರು, ನಮಗೂ ಇದೇ ಕಾಯ್ದೆಯೇ?" "ನಾವು ಜೈನರು, ನಮಗೆ ಹೇಗೆ?" ಎಂದು ಕೇಳುವರು. ಲಿಂಗಾಯತ, ವೀರಶೈವ ಎಂದು ಕಾಯ್ದೆಯಲ್ಲಿ ಹೆಸರು ಹಿಡಿದೇ ಬರೆದಿದೆ, ಜೈನರಿಗೂ ಇದೇ ಅನ್ವಯಿಸುವದು. ಮುಸಲ್ಮಾನರ ವಾರಸಾ ನಿಯಮ ಬೇರೆ, ಪರಿಶಿಷ್ಟ ಪಂಗಡದವರ ಸಂಗತಿಯೂ ಬೇರೆ. ಅವರು ವಕೀಲರನ್ನು ಕೇಳಿ ಮುಂದುವರಿಯಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುವದು. ಫೋನಿನ ಸಂಖ್ಯೆ 15100.

ಕಾಯ್ದೆಯಲ್ಲಿ ಹಕ್ಕು ಇದ್ದರೂ ಉತಾರಕ್ಕೆ ಹೆಸರು ತಾನಾಗಿ ಏರುವದಿಲ್ಲ. ಮನೆಯ ಹಿರಿಯರು ತೀರಿದರೆ ಮರಣವನ್ನು 21 ದಿನಗಳೊಳಗೆ ನೋಂದಾಯಿಸಿರಿ. ಮರಣದ ದಾಖಲೆ, ವಂಶಾವಳಿ, ಹೊಲದ ಉತಾರ, ಎಲ್ಲರ ಆಧಾರ ಪತ್ರ ಕೂಡಿಸಿಕೊಂಡು ನಾಡಕಚೇರಿಯಲ್ಲಿ ವಾರಸಾಕ್ಕೆ ಅರ್ಜಿ ಕೊಡಿರಿ. ಹಕ್ಕು ಬಂದ ಮೂರು ತಿಂಗಳೊಳಗೆ ತಿಳಿಸಬೇಕೆಂದು 1964ರ ಭೂ ಕಂದಾಯ ಕಾಯ್ದೆ ಹೇಳುವದು. ನಾವು ತಲಾಠಿ ಎಂದೇ ಕರೆಯುವ ಗ್ರಾಮ ಆಡಳಿತ ಅಧಿಕಾರಿಗಳು ವಿಚಾರಿಸುವರು, ನೋಟೀಸು ಹಚ್ಚುವರು, ತಕರಾರಿಗೆ ಅವಧಿ ಕೊಡುವರು, ಬಳಿಕ ಹೆಸರು ಏರುವದು. ವಂಶಾವಳಿ ಬರೆಸುವಾಗಲೇ ಎಚ್ಚರ ಬೇಕು. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಮುಂದಿನ ಎಲ್ಲ ಕಾಗದಗಳಲ್ಲಿಯೂ ಅವರು ಬಿಟ್ಟುಹೋಗುವರು.

ಉತಾರಕ್ಕೆ ಹೆಸರು ಏರಿದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಫ್ರೂಟ್ಸ್ ಗುರುತಿನ ಸಂಖ್ಯೆ ಮಾಡಿಸಿಕೊಳ್ಳಿರಿ. ಬೀಜ, ಉಪಕರಣಗಳ ಸಹಾಯಧನ, ಬೆಂಬಲ ಬೆಲೆಯ ಖರೀದಿ, ಬೆಳೆಸಾಲ, ಇವೆಲ್ಲ ಈಗ ಆ ಸಂಖ್ಯೆಯ ಮೇಲೆ ನಡೆಯುವವು. ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ ಗಂಡನ ಹೆಸರಿಗೆ ಬರುತ್ತಿದ್ದು ಅವನು ತೀರಿದರೆ, ವಾರಸಾ ಆಗುವ ತನಕ ಅದು ಹೆಂಡತಿಗೆ ಹೊರಳುವದಿಲ್ಲ.

ಈಗ ಒಂದು ಸೂಕ್ಷ್ಮದ ಮಾತು. "ಅಕ್ಕಾ, ಒಂದ್ ಸಹಿ ಬೇಕವಾ, ಬರೇ ಕಾಗದದ ಕೆಲಸ" ಎಂದು ತಮ್ಮ ಬಂದು ಕರೆದುಕೊಂಡು ಹೋಗುವನು. ಅಕ್ಕ ಸಹಿ ಮಾಡುವಳು. ಸೀರೆ ಕುಪ್ಪಸ ಉಡಿ ತುಂಬಿಸಿಕೊಂಡು ಮರಳುವಳು. ಅದು ಹಕ್ಕುಬಿಡುಗಡೆ ಪತ್ರ ಎಂಬದು ಎಷ್ಟೋ ದಿನಗಳ ಮೇಲೆ ತಿಳಿಯುವದು. ಪ್ರೀತಿಯಿಂದ, ತಿಳಿದು, ತಾನೇ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ, ಅದಕ್ಕೆ ಯಾರೂ ಅಡ್ಡಬರಬಾರದು. ತಿಳಿಯದೆ ಬಿಡುವದು ಮಾತ್ರ ತಪ್ಪಬೇಕು. ತಾಯಂದಿರೇ, ಯಾವ ಕಾಗದವನ್ನಾಗಲಿ ಪೂರ್ತಿ ಓದಿಸಿ ಕೇಳದೆ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಡಿರಿ. ತಮ್ಮಂದಿರೇ, ನೀವೂ ಮುಚ್ಚಿಟ್ಟು ಸಹಿ ಪಡೆಯಬೇಡಿರಿ. ಮುಂದೆ ನ್ಯಾಯಾಲಯ ಹತ್ತಿದರೆ ಹೊಲಕ್ಕಿಂತ ಹೆಚ್ಚು ಹಣ ತಿರುಗಾಟಕ್ಕೆ ಹೋಗುವದು, ತವರಿನ ಬಾಗಿಲೂ ಮುಚ್ಚುವದು.

ಅಂಜಿಕೆಗಳಿಗೆ ಉತ್ತರ

"ಸಾಹೇಬರ, ಹೆಂಡ್ತಿ ಹೆಸರು ಹಚ್ಚಿದ್ರ ಮನಿ ಒಡದು ಹೋಗತೈತ್ರೀ" ಎನ್ನುವವರು ಇದ್ದಾರೆ. ಹೆಸರು ಕೂಡಿಸುವದೆಂದರೆ ಹೊಲ ಒಡೆಯುವದಲ್ಲ. ಉತಾರದಲ್ಲಿ ಜಂಟಿಯಾಗಿ ಹೆಸರಿದ್ದು ಹೊಲವನ್ನು ಕೂಡಿಯೇ ಮಾಡಬಹುದು. ಸ್ವಂತ ಗಳಿಕೆಯ ಭೂಮಿಯಾದರೆ ಗಂಡ ಬಕ್ಷೀಸ ಪತ್ರ ಮಾಡಿ ನೋಂದಾಯಿಸಿ ಕೊಡಬಹುದು. ಹೊಸದಾಗಿ ಕೊಳ್ಳುವಾಗ ಇಬ್ಬರ ಹೆಸರಿಗೂ ಖರೀದಿ ಮಾಡಬಹುದು. ಇಬ್ಬರ ಸಹಿ ಇಲ್ಲದೆ ಮಾರಲು ಬಾರದಂತೆ ಇದ್ದ ಹೊಲ ಕುಡಿತಕ್ಕೂ ಹೋಗುವದಿಲ್ಲ, ಜೂಜಿಗೂ ಹೋಗುವದಿಲ್ಲ. ಆಗ ಮನೆ ಇನ್ನಷ್ಟು ಗಟ್ಟಿಯಾಗಿಯೇ ನಿಲ್ಲುವದು.

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂಬ ಗಾದೆ ಹೇಳುವವರೂ ಇದ್ದಾರೆ. ಮಗಳು ಹೊರಗೆ ಎನ್ನುವ ಆ ಮನೆಯಲ್ಲಿಯೇ ಸೊಸೆಯೂ ಇದ್ದಾಳೆ, ಅವಳೂ ಒಂದು ಮನೆಯ ಕೊಟ್ಟ ಹೆಣ್ಣೇ. ತವರಿನಲ್ಲಿ ಹೊರಗಿನವಳು, ಗಂಡನ ಮನೆಯಲ್ಲಿ ಬಂದವಳು ಎಂದಾದರೆ ಅವಳ ಊರು ಯಾವುದು?

ಈ ವಿಚಾರವನ್ನು ರೈತರೇ ಕೈಗೆತ್ತಿಕೊಂಡ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರ ಚಳವಳಿಯನ್ನು ನಡೆಸಿದ ಶರದ ಜೋಶಿಯವರ ಹೆಸರು ಈ ಭಾಗದ ಹಿರಿಯರಿಗೆ ಗೊತ್ತು. ಅವರ ಶೇತಕರಿ ಸಂಘಟನೆ 1986ರಲ್ಲಿ ನಾಸಿಕ ಜಿಲ್ಲೆಯ ಚಾಂದವಡದಲ್ಲಿ ರೈತ ಹೆಣ್ಣುಮಕ್ಕಳ ದೊಡ್ಡ ಅಧಿವೇಶನ ಕೂಡಿಸಿತು. ಅದಾದ ಕೆಲವು ವರ್ಷಗಳಲ್ಲಿ ಲಕ್ಷ್ಮೀಮುಕ್ತಿ ಎಂಬ ಕಾರ್ಯಕ್ರಮ ಹೂಡಿತು. ರೈತರು ತಮ್ಮ ಮನಸ್ಸಿನಿಂದ ಹೆಂಡತಿಯ ಹೆಸರಿಗೆ ಭೂಮಿಯನ್ನು ಬರೆದುಕೊಡಬೇಕು. ನೂರು ಮನೆಗಳು ಹೀಗೆ ಮಾಡಿದ ಊರನ್ನು ಲಕ್ಷ್ಮೀಮುಕ್ತಿಯ ಊರು ಎಂದು ಗೌರವಿಸಬೇಕು ಎಂಬದು ಗೊತ್ತುವಳಿ. ಬೆಳೆಗೆ ಯೋಗ್ಯ ಬೆಲೆ ಬೇಕೆಂದು ಹೋರಾಡಿದ ಗಂಡಸರೇ, ಮನೆಯವಳ ಬೆವರಿಗೂ ಬೆಲೆ ಇದೆ ಎಂದು ಒಪ್ಪಿ ಸಹಿ ಮಾಡಿದರು.

ನಿಪ್ಪಾಣಿಯ ಕಡೆ ಮನೆಯಲ್ಲಿ ಕುಳಿತು ಬೀಡಿ ಕಟ್ಟಿದ ತಾಯಂದಿರನ್ನೂ ಕೇಳಿರಿ. 1977ರಲ್ಲಿ ಬೀಡಿ ಕೆಲಸಕ್ಕೂ ಭವಿಷ್ಯನಿಧಿ ಅನ್ವಯವಾಯಿತು. ಕೆಲಸದ ಪುಸ್ತಕದಲ್ಲಿ ತನ್ನ ಹೆಸರು ಇದ್ದವಳಿಗೆ ಆ ಹಣ ಕೇಳಲು ಆಧಾರವಿತ್ತು. ಇನ್ನೊಬ್ಬರ ಪುಸ್ತಕದ ಮೇಲೆ ಬೀಡಿ ಕಟ್ಟಿದವಳಿಗೆ ಎಷ್ಟು ವರ್ಷ ಬೆರಳು ಸವೆಸಿದರೂ ತೋರಿಸಲು ಏನೂ ಉಳಿಯಲಿಲ್ಲ.

ಈ ತಿಂಗಳು ಮಾಡುವ ಕೆಲಸ

ಓದಿ ಬದಿಗಿಟ್ಟರೆ ಫಲವಿಲ್ಲ. ಅಲಖನೂರದ ಮನೆಯೇ ಇರಲಿ, ಬೇರೆ ಊರಿನದೇ ಇರಲಿ, ಒಂದು ಸಂಜೆ ಊಟವಾದ ಮೇಲೆ ಗಂಡ ಹೆಂಡತಿ, ಅತ್ತೆ ಮಾವ ಕೂಡಿ ಕುಳಿತು ಮನೆಯ ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿರಿ. ಓದಲು ಬಲ್ಲ ಮಗಳಿಗೋ ಮಗನಿಗೋ ಓದಲು ಹೇಳಿರಿ. ಪ್ರತಿ ಕಾಗದದಲ್ಲಿ ಯಾರ ಹೆಸರಿದೆ ಎಂದು ಒಂದು ವಹಿಯಲ್ಲಿ ಬರೆಯಿರಿ. ತೀರಿದವರ ಹೆಸರು ಇನ್ನೂ ಇರುವ ಉತಾರ ಕಂಡರೆ ಅದರ ವಾರಸಾ ಮೊದಲ ಕೆಲಸ. ಹಾಲು ಹಾಕುವವಳ ಹೆಸರಿಗೆ ಡೈರಿಯ ಪುಸ್ತಕ ಮಾಡಿಸುವದು ಎರಡನೆಯದು, ಅದು ಒಂದು ದಿನದ ಕೆಲಸ. ಬ್ಯಾಂಕಿನ ಪುಸ್ತಕವನ್ನು ಅದರ ಒಡತಿಯ ಕೈಗೆ ಕೊಡುವದು ಮೂರನೆಯದು, ಅದು ಒಂದು ಗಳಿಗೆಯ ಕೆಲಸ. ಅವಳ ಹೆಸರಿನಲ್ಲಿ ಎಷ್ಟು ಕಡೆ ಸಾಲ ಇದೆ ಎಂದು ಎಲ್ಲರೂ ಕೂಡಿ ಎಣಿಸಿ, ತೀರಿಸುವ ಭಾರವನ್ನು ಹಂಚಿಕೊಳ್ಳುವದು ನಾಲ್ಕನೆಯದು.

ಹೊಲದಲ್ಲಿ ಬಿತ್ತಿದ ಬೀಜಕ್ಕೆ ಬದು ಹಾಕಿ ನೀರು ಹಿಡಿಯುವಿರಿ. ದುಡಿಮೆಗೂ ಹಾಗೆ ಒಂದು ಬದು ಬೇಕು, ಹೆಸರೇ ಆ ಬದು. ಕೆಲಸ ಆರಂಭಿಸಿರಿ, ತೊಡಕು ಬಂದ ಕಡೆ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಕೇಳಿರಿ. ಬರುವಾಗ ಗಂಡಸರು ಒಬ್ಬರೇ ಬರಬೇಡಿರಿ, ಮನೆಯವರನ್ನೂ ಕರೆದುಕೊಂಡು ಬನ್ನಿರಿ.